ಪಾಸ್‌ವರ್ಡ್ ನಿಮ್ಮೊಬ್ಬರ ಕೈಯಲ್ಲಿರುವುದು ಬೇಡ

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 28. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ವೆಬ್ ಡೆವಲಪರ್. ಕಸದ ಆಟೋ ಟಿಪ್ಪರ್ ಚಾಲಕರು ಮತ್ತು ಸಹಾಯಕರ ಸಂಘಕ್ಕಾಗಿ ಎರಡು ವರ್ಷದಿಂದ ವಾರಾಂತ್ಯದಲ್ಲಿ ದುಡಿಯುತ್ತಿದ್ದೇನೆ. ಅವರ ವೆಬ್‌ಸೈಟ್, ಸಂಬಳ ಮತ್ತು ಪಿಎಫ್ ದೂರು ಬರೆಸಿಕೊಳ್ಳುವ ಫಾರ್ಮ್ ಎಲ್ಲವೂ ನಾನೇ ಮಾಡಿದ್ದು. ಪಾಸ್‌ವರ್ಡ್ ನನಗೊಬ್ಬಳಿಗೇ ಗೊತ್ತು. ಕಾರ್ಮಿಕರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳೂ ನನ್ನ ಗೂಗಲ್ ಡ್ರೈವ್‌ನಲ್ಲಿವೆ. ಫ್ರೀಡಂ ಪಾರ್ಕ್ ಧರಣಿಯಲ್ಲಿ ಕೂತಿದ್ದ ನನ್ನ ಫೋಟೊ ನೋಡಿ ಮ್ಯಾನೇಜರ್ ‘ಇದೆಲ್ಲ ಕಂಪನಿಗೆ ಸರಿಹೋಗಲ್ಲ’ ಎಂದರು. ಗಂಡು ಹುಡುಕುತ್ತಿರುವ ಅಮ್ಮ ‘ಆ ಜನರ ಜೊತೆ ನಿನಗೇನು ಕೆಲಸ’ ಎಂದು ಅಳುತ್ತಾರೆ. ಅವರು ಬೆಳಗಾಗುವ ಮೊದಲೇ ಕಸ ಎತ್ತಲು ಹೊರಡುತ್ತಾರೆ, ನಾನು ಏಸಿ ರೂಮಿನಲ್ಲಿ ಕೋಡ್ ಬರೆಯುತ್ತೇನೆ. ನಾಚಿಕೆಯಾಗುತ್ತದೆ. ಕೆಲಸ ಬಿಟ್ಟು ಪೂರ್ತಿ ಸಂಘಕ್ಕೇ ಬಂದುಬಿಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಕೆಲಸ ಬಿಡಬೇಡಿ. ಈಗಂತೂ ಬೇಡವೇ ಬೇಡ. ನಿಮ್ಮ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪತ್ರದಲ್ಲಿ ನೀವು ಮ್ಯಾನೇಜರ್, ಅಮ್ಮ, ನಾಚಿಕೆ ಎಲ್ಲವನ್ನೂ ಬಿಡಿಸಿ ಬರೆದಿದ್ದೀರಿ, ‘ಪಾಸ್‌ವರ್ಡ್ ನನಗೊಬ್ಬಳಿಗೇ ಗೊತ್ತು’ ಎಂಬುದನ್ನು ಮಾತ್ರ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಮೊದಲು ನಾಚಿಕೆಯ ಮಾತು. ಲೆಕ್ಕಪತ್ರ ಹಿಡಿದು ಕೂರುವುದು ಹೋರಾಟವಲ್ಲ ಎಂದು ನಿಮಗೆ ಯಾರು ಹೇಳಿದರು? 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರ್ಕಾರಿ ಕಾಮಗಾರಿಗಳ ಹಾಜರಿ ಪಟ್ಟಿ, ಬಿಲ್ಲುಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಬಾರದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಹಾಗೆ ಬಯಲಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಂಥ ಸಭೆಗಳಲ್ಲಿದೆ. ನಿಮ್ಮ ಫಾರ್ಮ್ ಮಾಡುತ್ತಿರುವುದೂ ಇದನ್ನೇ. ಒಬ್ಬ ಸಹಾಯಕನ ಯುಎಎನ್, ಅಂದರೆ ಪಿಎಫ್ ಸದಸ್ಯತ್ವದ ಸಂಖ್ಯೆ, ಹಾಕಿ ಮೊಬೈಲಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಸಂಬಳದಲ್ಲಿ ಹಣ ಮುರಿದುಕೊಂಡು ಗುತ್ತಿಗೆದಾರ ಕಟ್ಟಿಲ್ಲವೆಂದರೆ ಆ ತಿಂಗಳ ಸಾಲೇ ಅಲ್ಲಿರುವುದಿಲ್ಲ. ಸಂಬಳದ ಚೀಟಿಯನ್ನು ಅದರ ಪಕ್ಕ ಇಟ್ಟರೆ ಯಾವ ಅಧಿಕಾರಿಯೂ ‘ನೋಡೋಣ’ ಎಂದು ಸುಲಭವಾಗಿ ಸಾಗಹಾಕಲಾರ. ಇಷ್ಟು ಕೆಲಸ ಮಾಡುವವರು ಕಸ ಎತ್ತಲಿಲ್ಲವೆಂದು ತಲೆ ತಗ್ಗಿಸಬೇಕಿಲ್ಲ.

ಇನ್ನು ಆ ಆಧಾರ್ ಪ್ರತಿಗಳು. ಈ ವಿಷಯದಲ್ಲಿ ನಾನು ಸ್ವಲ್ಪ ಗಡುಸಾಗಿಯೇ ಹೇಳುತ್ತೇನೆ. ದೂರು ಕೊಟ್ಟವರ ಪಟ್ಟಿ ಗುತ್ತಿಗೆದಾರನ ಕೈಗೆ ಸಿಕ್ಕರೆ ನಿಮಗೇನೂ ಆಗುವುದಿಲ್ಲ, ‘ನಾಳೆಯಿಂದ ಗಾಡಿ ಹತ್ತಬೇಡ’ ಎಂದು ಕೇಳಿಸಿಕೊಳ್ಳುವವನು ಆ ಸಹಾಯಕ. ಪಿಎಫ್ ದೂರಿಗೆ ಯುಎಎನ್ ಮತ್ತು ಸಂಬಳದ ಚೀಟಿ ಸಾಕಾಗುವಲ್ಲಿ ಆಧಾರ್ ಪ್ರತಿ ಏಕೆ? ಉದ್ದೇಶಕ್ಕೆ ಬೇಕಾದಷ್ಟನ್ನೇ, ಒಪ್ಪಿಗೆ ಪಡೆದು ತೆಗೆದುಕೊಳ್ಳಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಈ ವಾರವೇ ಕೂತು ಬೇಡದ್ದನ್ನು ಅಳಿಸಿ. ಉಳಿದದ್ದನ್ನು ನಿಮ್ಮ ಸ್ವಂತ ಖಾತೆಯಿಂದ ಸಂಘದ ಖಾತೆಗೆ ದಾಟಿಸಿ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಲಾಗಿನ್ ಹಾಕಿ.

ಡೊಮೈನ್, ಅಂದರೆ ವೆಬ್‌ಸೈಟ್‌ನ ವಿಳಾಸ, ಸಂಘದ ಹೆಸರಿನಲ್ಲಿರಲಿ. ನವೀಕರಣದ ಹಣ ಸಂಘದ ಚಂದಾದಿಂದಲೇ ಹೋಗಲಿ, ಕಡಿಮೆ ಮೊತ್ತವಾದರೂ ಸರಿ. ಪದಾಧಿಕಾರಿಗಳಲ್ಲಿ ಇಬ್ಬರಿಗೆ ಪಾಸ್‌ವರ್ಡ್ ಗೊತ್ತಿರಬೇಕು. ‘ಅವರಿಗೆ ಕಂಪ್ಯೂಟರ್ ಬರಲ್ಲ’ ಎಂದು ನೀವು ಹೇಳಬಹುದು. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್) ಚಳವಳಿಯ ಹುಡುಗರು ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ನಡೆಸಿದಾಗ ಅಲ್ಲಿನ ಮಕ್ಕಳು ಗಿಂಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಸೊಗಸಾದ ಚಿತ್ರ ಬಿಡಿಸಿದರು. ನಿಮ್ಮ ಚಾಲಕರ ಮನೆಗಳಲ್ಲೂ ಪಿಯುಸಿ, ಡಿಗ್ರಿ ಓದುವ ಮಕ್ಕಳಿರುತ್ತಾರೆ. ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಭಾನುವಾರ ಕಲಿಸಿ. ಹಾಗೆಯೇ ಫಾರ್ಮ್ ಇಂಗ್ಲಿಷಿನಲ್ಲಿದ್ದರೆ ಕನ್ನಡಕ್ಕೆ ತನ್ನಿ. ಬರೆಯಲು ಬಾರದವರು ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡಿ ಕಳಿಸಿದ್ದನ್ನೂ ದೂರೆಂದು ದಾಖಲಿಸಿಕೊಳ್ಳಿ.

ನೀವು ಕೆಲಸ ಬಿಟ್ಟು ಬಂದರೆ ಇದೆಲ್ಲ ಇನ್ನಷ್ಟು ನಿಮ್ಮ ಸುತ್ತಲೇ ಸುತ್ತಿಕೊಳ್ಳುತ್ತದೆ. ನಿಮಗೆ ಜ್ವರ ಬಂದ ದಿನ ಸಂಘದ ದಾಖಲೆಗಳಿಗೂ ಬೀಗ. ನನ್ನ ಭಯ ಇದು.

ಮ್ಯಾನೇಜರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೇಮಕಾತಿ ಪತ್ರ ತೆಗೆದು ಹೊರಗಿನ ಕೆಲಸ, ಕೋಡ್‌ನ ಒಡೆತನ, ಹಿತಾಸಕ್ತಿ ಸಂಘರ್ಷದ ಷರತ್ತುಗಳನ್ನು ಓದಿ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ, ಕಂಪನಿಯ ಸಮಯದಲ್ಲಿ ಸಂಘದ ಒಂದು ಸಾಲು ಕೋಡನ್ನೂ ಬರೆಯಬೇಡಿ. ಇನ್ನೊಮ್ಮೆ ಬಾಯಿಮಾತಿನಲ್ಲಿ ಎಚ್ಚರಿಸಿದರೆ, ಯಾವ ನಿಯಮ ಮೀರಿದ್ದೇನೆ ತಿಳಿಸಿ ಎಂದು ವಿನಯದಿಂದ ಇ-ಮೇಲ್ ಬರೆಯಿರಿ. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ, ಅದು ಐಟಿಯವರಿಗೂ ಸೇರಿದ್ದು. ನಮ್ಮ ರಾಜ್ಯದಲ್ಲಿ 2017ರಿಂದ ಐಟಿ ನೌಕರರ ಸಂಘವೇ ಇದೆ, ಕಿಟು ಎನ್ನುತ್ತಾರೆ. ಒಮ್ಮೆ ಹೋಗಿ ಮಾತನಾಡಿ. ಬೇರೆಯವರ ಪಿಎಫ್‌ಗಾಗಿ ಓಡಾಡುವ ನೀವು ನಿಮ್ಮ ನೌಕರಿಯ ವಿಷಯದಲ್ಲಿ ಒಂಟಿಯಾಗಿ ಅಂಜುವುದು ನನಗೆ ಸರಿ ಕಾಣಲಿಲ್ಲ.

ಅಮ್ಮನ ಅಳುವಿನಲ್ಲಿ ಎರಡಿವೆ. ಪೊಲೀಸು, ಕೇಸು, ಮಗಳ ನೌಕರಿ ಎಂಬ ದಿಗಿಲು ಒಂದು. ಅದಕ್ಕೆ ಸಮಾಧಾನ ಹೇಳಿ, ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಮುಚ್ಚಿಡದೆ ತಿಳಿಸಿ. ‘ಆ ಜನ’ ಎಂಬುದು ಇನ್ನೊಂದು. ಅದು ಜಾತಿಯ ಮಾತು. ನಮ್ಮ ಊರುಗಳ ಕಸ ಎತ್ತುವವರಲ್ಲಿ ಬಹುಪಾಲು ದಲಿತರೇ ಎಂಬುದು ಅಮ್ಮನಿಗೂ ಗೊತ್ತು. ಅಮ್ಮ ಅತ್ತರೆಂದು ಅದಕ್ಕೆ ತಲೆಯಾಡಿಸಬೇಡಿ. ಜಗಳವೂ ಬೇಡ, ‘ಹಾಗನ್ನಬೇಡಮ್ಮ, ಅವರು ನನ್ನ ಜೊತೆಗಾರರು’ ಎಂದಷ್ಟೇ ಹೇಳಿ, ಪ್ರತಿ ಸಲವೂ ಹೇಳಿ. ನೋಡಲು ಬರುವ ಹುಡುಗನಿಗೂ ಭಾನುವಾರ ಎಲ್ಲಿರುತ್ತೀರೆಂದು ಮೊದಲ ಭೇಟಿಯಲ್ಲೇ ತಿಳಿಸಿ. ಅದಕ್ಕೆ ಮುಖ ಸಿಂಡರಿಸುವವನು ಮದುವೆಯಾದ ಮೇಲೆ ಒಪ್ಪುತ್ತಾನೆಂದು ನನಗೆ ನಂಬಿಕೆಯಿಲ್ಲ.

ಆರು ತಿಂಗಳು ಕಳೆಯಲಿ. ವೆಬ್‌ಸೈಟ್ ನೀವಿಲ್ಲದೆಯೂ ನಡೆಯುತ್ತಿದ್ದರೆ ಆಗ ಸಂಘದ ಸಭೆಯಲ್ಲೇ ಕೇಳಿ: ನಿಮಗೆ ಪೂರ್ಣಾವಧಿ ಕಾರ್ಯಕರ್ತೆ ಬೇಕೇ, ಬೇಕಾದರೆ ಯಾವ ಕೆಲಸಕ್ಕೆ, ತಿಂಗಳಿಗೆ ಎಷ್ಟು ಕೊಡಬಲ್ಲಿರಿ? ಇಷ್ಟು ದಿನ ಈ ತೀರ್ಮಾನವನ್ನು ನೀವೊಬ್ಬರೇ ಹೊತ್ತು ತಿರುಗಿದ್ದೀರಿ, ಅವರನ್ನು ಕೇಳಿದಂತೆ ಪತ್ರದಲ್ಲಿ ಎಲ್ಲೂ ಇಲ್ಲ. ಅವರು ಬೇಕು ಎಂದರೆ, ನಿಮ್ಮ ಖಾತೆಯಲ್ಲಿ ಒಂದು ವರ್ಷದ ಖರ್ಚಿಗೆ ಹಣವಿದ್ದರೆ, ಆಗ ರಾಜೀನಾಮೆಯ ಮಾತು ಎತ್ತೋಣ.