ನಿಮ್ಮ ಸಂಕಲ್ಪ ಆರನೇ ಪ್ಯಾರಾದಲ್ಲಿದೆ

ನಮಸ್ಕಾರ.

ಯುಗಾದಿ ಸಂಚಿಕೆಗೆ ನೀವು ಕಳಿಸಿದ 'ಹೊಸ ವರ್ಷ, ಹೊಸ ಸಂಕಲ್ಪ' ಪ್ರಬಂಧ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪು ಒಂದೂ ಇಲ್ಲ, ಹೇಳಿದ ಪದಮಿತಿಯೊಳಗೇ ಮುಗಿಸಿದ್ದೀರಿ. ಸಂತೋಷ. ಆದರೆ ಇದ್ದ ಹಾಗೇ ಹಾಕಲು ಆಗುವುದಿಲ್ಲ. ಸಾಮಾನ್ಯವಾಗಿ ಇಂಥದ್ದಕ್ಕೆ ಎರಡು ಸಾಲಿನ ಉತ್ತರ ಬರೆದು ಮುಂದಿನ ಲಕೋಟೆ ಒಡೆಯುತ್ತೇನೆ. ನಿಮ್ಮದರಲ್ಲಿ ಆರನೇ ಪ್ಯಾರಾದಲ್ಲಿ ಒಂದು ವಾಕ್ಯ ಇದೆಯಲ್ಲ, ಅದು ಬಿಡಲಿಲ್ಲ. ಅದನ್ನು ನೀವು ಅಲ್ಲಿ ಬಚ್ಚಿಟ್ಟ ರೀತಿಗೆ ಸಿಟ್ಟೂ ಬಂತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲ ಸಾಲು: 'ಹೊಸ ವರ್ಷ ಬಂತೆಂದರೆ ನಾವೆಲ್ಲರೂ ಒಂದಲ್ಲ ಒಂದು ಸಂಕಲ್ಪ ಮಾಡುತ್ತೇವೆ.' ಯಾರು ನಾವೆಲ್ಲರೂ? ನಾನಂತೂ ಮಾಡಿಲ್ಲ. ಆಫೀಸಿಗೆ ಕಾಫಿ ತರುವ ಹುಡುಗನನ್ನು ಕೇಳಿದೆ, ಅವನೂ ಮಾಡಿಲ್ಲವಂತೆ. ಎರಡನೇ ಸಾಲು: 'ಆದರೆ ಫೆಬ್ರವರಿ ಹೊತ್ತಿಗೆ ನಾವು ಅದನ್ನು ಮರೆತೇಬಿಡುತ್ತೇವೆ.' ಯುಗಾದಿ ಬರುವುದೇ ಮಾರ್ಚ್ ಇಲ್ಲವೇ ಏಪ್ರಿಲ್‌ನಲ್ಲಿ, ಈ ಸಲ 2026ರ ಮಾರ್ಚ್ 19ಕ್ಕೆ. ಅಂದರೆ ಜನವರಿ 1ಕ್ಕೆ ಬರೆದಿದ್ದಕ್ಕೆ ನಡುವೆ ಒಂದಿಷ್ಟು ಬೇವು ಬೆಲ್ಲ ಉದುರಿಸಿ ನಮಗೆ ಕಳಿಸಿದ್ದೀರಿ, ಅಲ್ವಾ? ಇರಲಿ, ಎಲ್ಲರೂ ಮಾಡುತ್ತಾರೆ. ಮೂರನೇ ಸಾಲು: 'ನಾವು ನಮ್ಮೊಳಗೆ ಇಣುಕಿ ನೋಡಬೇಕಿದೆ.' ನೋಡಿ, ಯಾರು ಬೇಡ ಅಂದರು? ಇಣುಕಿದಾಗ ಏನು ಕಂಡಿತು ಅಂತ ಮಾತ್ರ ಎಲ್ಲೂ ಹೇಳಿಲ್ಲ.

ನಾಲ್ಕನೇ ಪ್ಯಾರಾಕ್ಕೆ ಬಂದಾಗ ಪೆನ್ನು ಕೆಳಗಿಟ್ಟೆ. '21 ದಿನ ಬಿಡದೆ ಮಾಡಿದರೆ ಯಾವುದೇ ಕೆಲಸ ಅಭ್ಯಾಸವಾಗುತ್ತದೆ ಎಂದು ವಿಜ್ಞಾನ ಹೇಳುತ್ತದೆ.' ಎಲ್ಲಿ ಹೇಳಿದೆ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದ. ಮುಖದ, ಮೂಗಿನ ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕಡಿಮೆ ಅಂದರೂ 21 ದಿನದಷ್ಟು ಬೇಕು ಎಂದು ಅದರಲ್ಲಿದೆ. ಬಾಯಿಂದ ಬಾಯಿಗೆ ಹೋಗುವಾಗ 'ಕಡಿಮೆ ಅಂದರೂ' ಉದುರಿತು, ಮೂಗು ಇದ್ದ ಜಾಗಕ್ಕೆ ಯೋಗ ಬಂದು ಕೂತಿತು. ನಿಜವಾಗಿ ಲೆಕ್ಕ ಇಟ್ಟು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಜೊತೆಯವರು. 96 ಜನರನ್ನು ತೆಗೆದುಕೊಂಡರು. ಒಬ್ಬೊಬ್ಬರೂ ಒಂದೊಂದೇ ಕೆಲಸ ಆರಿಸಿಕೊಂಡರು, ಅದನ್ನು ದಿನದ ಒಂದು ಹೊತ್ತಿಗೆ ಕಟ್ಟಿಕೊಂಡರು: ಮಧ್ಯಾಹ್ನ ಊಟದ ಜೊತೆ ನೀರು ಕುಡಿಯುವುದು, ರಾತ್ರಿ ಊಟಕ್ಕೆ ಮೊದಲು ಕಾಲು ಗಂಟೆ ಓಡುವುದು, ಹೀಗೆ. ನಡುಮಟ್ಟದ ಲೆಕ್ಕ 66 ದಿನ ಬಂತು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಗಂಟೇನೂ ಹೋಗುವುದಿಲ್ಲ ಅಂತಲೂ ಕಂಡುಕೊಂಡರು. ನಿಮ್ಮ ಪ್ರಬಂಧಕ್ಕೆ ಇದ್ಯಾವುದೂ ಬೇಕಿಲ್ಲ ಬಿಡಿ. 'ವಿಜ್ಞಾನ ಹೇಳುತ್ತದೆ' ಅಂತ ಬರೆದವರು ಯಾರು ಹೇಳಿದ್ದು ಅಂತ ಹುಡುಕಿರುವುದಿಲ್ಲ, ಅದು ನನಗೆ ಆಗುವುದಿಲ್ಲ, ಅಷ್ಟೇ.

ನಾನು ಈ ಕೆಲಸ ಕಲಿತದ್ದು ಸಣ್ಣ ಊರಿನ ಒಂದು ಪ್ರೆಸ್ಸಿನಲ್ಲಿ, ಇನ್ನೂ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ. ವರ್ಷವಿಡೀ ಮದುವೆ ಕಾಗದ, ವೈಕುಂಠ ಸಮಾರಾಧನೆ ಕಾಗದ, ಯುಗಾದಿಗೆ ಮೊದಲು ಪಂಚಾಂಗ. ಪಂಚಾಂಗದ ಕರಡು ತಿದ್ದಲು ಇಬ್ಬರು ಬೇಕು. ನಮ್ಮ ಹಿರಿಯ ಪ್ರೂಫ್ ರೀಡರ್ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು: ತಿಥಿ, ವಾರ, ನಕ್ಷತ್ರ, ಯೋಗ, ಕರಣ, ಪಕ್ಕದಲ್ಲಿ ಘಳಿಗೆ, ವಿಘಳಿಗೆ. ನಾನು ಕರಡಿನ ಮೇಲೆ ಬೆರಳಿಟ್ಟು ಹಿಂದೆಯೇ ಓಡಬೇಕು. ಅವರು ನಶ್ಯ ಏರಿಸುವಾಗ ಮಾತ್ರ ನನಗೆ ಬಿಡುವು. ಒಂದು ಘಳಿಗೆ ಅಂದರೆ 24 ನಿಮಿಷ. ಒಂದು ಅಂಕಿ ಆಚೀಚೆ ಆದರೆ ಯಾರದೋ ಮನೆಯ ಮುಹೂರ್ತವೇ ತಪ್ಪುತ್ತದೆ ಅನ್ನುವುದು ಅವರ ಹೆದರಿಕೆ. ಲೇಖನಗಳನ್ನೂ ಅದೇ ಕಣ್ಣಲ್ಲಿ ಓದುತ್ತಿದ್ದರು. ಅದೇ ಪ್ರೆಸ್ಸಿನಲ್ಲಿ ಒಂದು ವಾರಪತ್ರಿಕೆ ಅಚ್ಚಾಗುತ್ತಿತ್ತು, ಅದಕ್ಕೆ ಬಂದ ಪ್ರಬಂಧದಲ್ಲಿ 'ನಾವು' ಕಂಡರೆ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಒಂದೇ ಮಾತು ಬರೆಯುತ್ತಿದ್ದರು: 'ಗೋತ್ರ?'

ಗೋತ್ರ ಗೀತ್ರ ನಮಗೆ ಬೇಡ. ಅವರು ಕೇಳುತ್ತಿದ್ದದ್ದು ಬೇರೆ. ಪೂಜೆಗೆ ಕೂತವರ ಸಂಕಲ್ಪ ಕೇಳಿದ್ದೀರಲ್ಲ? ಕಲ್ಪ, ಮನ್ವಂತರದಿಂದ ಶುರುವಾಗಿ ಕಲಿಯುಗ, ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ದಡ ಅಂತ ಇಳಿಯುತ್ತಾ ಇಳಿಯುತ್ತಾ ಸಂವತ್ಸರಕ್ಕೆ ಬಂದು, ಅದು ಈ ಯುಗಾದಿಯಿಂದ ಪರಾಭವ, ಆಮೇಲೆ ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ಕೂತವರ ಗೋತ್ರ, ನಕ್ಷತ್ರ, ರಾಶಿ, ಹೆಸರು, ಇಷ್ಟೆಲ್ಲ ಆದ ಮೇಲೆ ಕೊನೆಗೆ ಏನು ಮಾಡಲು ಕೂತಿದ್ದೇನೆ ಅನ್ನುವುದು. ನನಗೆ ಪೂಜೆ ಪುನಸ್ಕಾರ ಅಷ್ಟಕ್ಕಷ್ಟೇ. ಆದರೆ ಆ ಕ್ರಮ ನೋಡಿ, ಎಷ್ಟು ಗಟ್ಟಿ! ಎಲ್ಲಿ, ಯಾವ ಹೊತ್ತು, ಯಾರು ಅಂತ ಹೇಳದೆ ಬಾಯಿ ಬಿಡುವ ಹಾಗೇ ಇಲ್ಲ. ನಿಮ್ಮ ಸಂಕಲ್ಪಕ್ಕೆ ಊರೂ ಇಲ್ಲ, ಹೊತ್ತೂ ಇಲ್ಲ.

ಇದ್ದದ್ದು ಒಂದೇ ಕಡೆ. ಆರನೇ ಪ್ಯಾರಾ: 'ಈ ವರ್ಷ ಅಪ್ಪನ ಜೊತೆ ಫೋನಿನಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ಮಾತಾಡಬೇಕು ಅಂದುಕೊಂಡಿದ್ದೇನೆ. ಊಟ ಆಯ್ತಾ, ಮಳೆ ಬಂತಾ, ಆದಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ.' ಎಂಥಾ ಮಾತು ಬರೆದಿದ್ದೀರಿ! ಅದರ ಹಿಂದೆಯೇ ಏನು? 'ಸಂಬಂಧಗಳು ನಮ್ಮ ಬದುಕಿನ ಬೇರುಗಳು.' ಎದ್ದು ಓಡಿದಿರಿ. ಯಾಕೆ?

ಯಾವ ಹೊತ್ತಿಗೆ ಫೋನ್ ಮಾಡುತ್ತೀರಿ? ಮೆಟ್ರೋದಲ್ಲೋ, ಕುಕ್ಕರ್ ಕೂಗುವಾಗಲೋ? 'ಸರಿ, ಇಡ್ಲಾ?' ಅಂತ ಮೊದಲು ಕೇಳುವವರು ಯಾರು? ಅಮ್ಮ ಇದ್ದಾರಾ, ಫೋನು ಅವರ ಕೈಗೆ ಹೋಗಿಬಿಡುತ್ತದಾ? ಅಪ್ಪ ತಿಪಟೂರಿನಲ್ಲಿ ಇದ್ದಾರೆ ಅಂತ ಕೊನೆಯಲ್ಲಿ ಸುಮ್ನೆ ಒಂದು ಕಡೆ ಹೇಳಿದ್ದೀರಿ. ತಿಪಟೂರು ಅಂದಮೇಲೆ ಕೊಬ್ಬರಿ ರೇಟು ಮಾತಿಗೆ ಬಾರದ ಮನೆ ಇರುತ್ತದೆಯೇ? ಅದನ್ನು ನಿಮ್ಮ ಹತ್ತಿರ ಯಾಕೆ ಎತ್ತುವುದಿಲ್ಲ ಅವರು? ಇವಳಿಗೇನು ಗೊತ್ತು ಅಂತಲೋ, ನೀವು ಯಾವತ್ತೂ ಕೇಳಿಲ್ಲ ಅಂತಲೋ?

ಮೊದಲ ಐದು ಪ್ಯಾರಾ ತೆಗೆಯಿರಿ. ಆರರಿಂದ ಶುರು ಮಾಡಿ, ಬೇರುಗಳನ್ನು ಕಿತ್ತುಹಾಕಿ. ಬರೆಯುವ ಮೊದಲು ಒಂದು ಸಲ ಫೋನ್ ಮಾಡಿ. ಮಾತು ಎರಡೇ ನಿಮಿಷಕ್ಕೆ ಮುಗಿದುಹೋದರೆ ಹಾಗಂತಲೇ ಬರೆಯಿರಿ, ಎಳೆದು ದೊಡ್ಡದು ಮಾಡಬೇಡಿ. ಮಾರ್ಚ್ 5ರೊಳಗೆ ಬಂದರೆ ಈ ಸಂಚಿಕೆಗೇ ಹಾಕುತ್ತೇನೆ, ತಡವಾದರೆ ಮುಂದಿನದಕ್ಕೆ. ಯುಗಾದಿ ಮುಗಿದಿದ್ದರೂ ಪರವಾಗಿಲ್ಲ. ತಲೆಬರಹ ನಾನೇ ಕೊಡುತ್ತೇನೆ, ಅದಕ್ಕೆ ಮಾತ್ರ ಜಗಳ ತೆಗೆಯಬೇಡಿ.