ನೊರೆ ಆರುವುದೇಕೆ, ಕುತ್ತಿಗೆ ಉರಿಯುವುದೇಕೆ?

ಪ್ರಶ್ನೆ: ಹಲವು ವರ್ಷ ಕಾರ್ಟ್ರಿಜ್ ರೇಜರ್ (ಹಲವು ಬ್ಲೇಡುಗಳ ತಲೆಯನ್ನೇ ಬದಲಿಸುವಂಥದ್ದು) ಮತ್ತು ಡಬ್ಬಿಯ ಫೋಮ್ ಬಳಸುತ್ತಿದ್ದ ನಾನು ಎರಡು ತಿಂಗಳಿಂದ ತಂದೆಯವರ ಹಳೆಯ, ಒಂದೇ ಬ್ಲೇಡಿನ ಸೇಫ್ಟಿ ರೇಜರಿನಲ್ಲಿ ಗಡ್ಡ ತೆಗೆಯುತ್ತಿದ್ದೇನೆ. ಬ್ರಷ್ಷಿನಿಂದ ಸೋಪು ಕಲಸುವುದು ಮನಸ್ಸಿಗೆ ಬಹಳ ಹಿತವೆನಿಸಿದೆ. ಆದರೆ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇನ್ನೊಂದರ ನೊರೆ ಆರಿರುತ್ತದೆ. ಕುತ್ತಿಗೆ ದಿನವಿಡೀ ಉರಿಯುತ್ತದೆ. ಹಳೆಯ ರೂಢಿಗೆ ಮರಳಬೇಕೇ?

ಉತ್ತರ: ದಯವಿಟ್ಟು ಮರಳಬೇಡಿ. ನೀವು ಹೇಳಿದ ಎರಡು ತೊಂದರೆಗಳಿಗೂ ಪರಿಹಾರ ನಿಮ್ಮ ಕೈಯಲ್ಲೇ ಇದೆ.

ನೊರೆ ಬೇಗ ಆರುವುದಕ್ಕೆ ಹೆಚ್ಚಾಗಿ ನೀರು ಸಾಲದಿರುವುದೇ ಕಾರಣ. ಒದ್ದೆ ಮಾಡಿ ಕೊಡವಿದ ಬ್ರಷ್ಷನ್ನು ಸೋಪಿನ ಮೇಲೆ ಅರ್ಧ ನಿಮಿಷವಾದರೂ ತಿರುಗಿಸಿ, ಬಳಿಕ ಕೆನ್ನೆಯ ಮೇಲೆಯೇ ಕಲಸುತ್ತಾ, ಬ್ರಷ್ಷಿನ ತುದಿಯನ್ನಷ್ಟೇ ಆಗಾಗ ನೀರಿಗೆ ತಾಕಿಸಿಕೊಳ್ಳಿ. ಮೊದಲು ದೊಡ್ಡ ಗುಳ್ಳೆಗಳೇಳುತ್ತವೆ. ಅಲ್ಲಿಗೇ ನಿಲ್ಲಿಸದೆ ಮುಂದುವರಿಸಿದರೆ ಗುಳ್ಳೆಗಳು ಅಡಗಿ, ನೊರೆ ಗಟ್ಟಿ ಮೊಸರಿನ ಹದಕ್ಕೆ ಬಂದು ಹೊಳೆಯತೊಡಗುತ್ತದೆ. ಆ ಹೊಳಪೇ ಗುರುತು. ನಿಮ್ಮದು ಗಡಸು ನೀರಾದರೆ ಅದರಲ್ಲಿರುವ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ನೊರೆಯನ್ನು ಕೆಡಿಸುವುದರಿಂದ ಸೋಪು ಹೆಚ್ಚು ಬೇಕಾಗುತ್ತದೆ. ಇದಕ್ಕೆಲ್ಲ ಮೊದಲು ಎರಡು ಮೂರು ನಿಮಿಷ ಮುಖವನ್ನು ಬೆಚ್ಚನೆಯ ನೀರಿನಿಂದ ತೋಯಿಸಿಕೊಳ್ಳಿ, ಏಕೆಂದರೆ ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ತುಂಡಾಗುತ್ತದೆ. ಬೆಳಗಿನ ಈ ಕೆಲವು ನಿಮಿಷಗಳ ಆನಂದವೂ ಇಲ್ಲಿಯೇ ಇದೆ ಎಂಬುದು ನನ್ನ ಅನುಭವ.

ಇನ್ನು ಉರಿಯ ವಿಷಯ. ಕಾರ್ಟ್ರಿಜ್ಜಿನಲ್ಲಿ ಕೈಯ ಭಾರವು ಹಲವು ಬ್ಲೇಡುಗಳಿಗೆ ಹಂಚಿಹೋಗುತ್ತದೆ, ಅದರ ತಲೆಯೂ ಬಾಗಿಕೊಡುತ್ತದೆ. ಆ ರೂಢಿಯಲ್ಲೇ ನೀವು ಈ ರೇಜರನ್ನೂ ಒತ್ತುತ್ತಿದ್ದೀರೆಂದು ಕಾಣುತ್ತದೆ. ಅಮೆರಿಕದ ಉದ್ಯಮಿ ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಾಟಕ್ಕೆ ತಂದು, 1904ರಲ್ಲಿ ಪೇಟೆಂಟ್ ಪಡೆದ ರೇಜರಿನಲ್ಲಿ ತೆಳುವಾದ ಬ್ಲೇಡನ್ನು ಬಿಗಿಯಾಗಿ ಹಿಡಿದು ಅಂಚನ್ನಷ್ಟೇ ಹೊರಗೆ ಬಿಡುವ ಏರ್ಪಾಡಿತ್ತು. ನಿಮ್ಮ ತಂದೆಯವರ ರೇಜರಿನದೂ ಅದೇ ತತ್ವ. ಅದಕ್ಕೆ ಅದರದೇ ತೂಕ ಸಾಕು. ರೇಜರಿನ ತಲೆಯನ್ನು ಕೆನ್ನೆಗೆ ಸಮತಟ್ಟಾಗಿ ಇಟ್ಟು, ಹಿಡಿಯನ್ನು ಮೆಲ್ಲನೆ ಕೆಳಗಿಳಿಸುತ್ತಾ ಬನ್ನಿ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ತಾಗಿದಾಗ ಕೂದಲು ಕತ್ತರಿಸುವ ಸರಸರ ಸದ್ದು ಕೇಳಿಸುತ್ತದೆ. ಅಲ್ಲಿ ಕೈ ನಿಲ್ಲಿಸಿ, ಸಣ್ಣ ಸಣ್ಣ ಎಳೆತಗಳಲ್ಲಿ ಸಾಗಿ.

ಕುತ್ತಿಗೆಯ ಕೂದಲು ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಗಡ್ಡ ಸ್ವಲ್ಪ ಬೆಳೆದಿರುವಾಗ ಬೆರಳಾಡಿಸಿ, ಎತ್ತ ನಯ, ಎತ್ತ ಒರಟು ಎಂದು ತಿಳಿದುಕೊಳ್ಳಿ. ಉರಿ ಪೂರ್ತಿ ನಿಲ್ಲುವವರೆಗೆ ಅಲ್ಲಿ ನಯವಾದ ದಿಕ್ಕಿಗೆ ಮಾತ್ರ ರೇಜರ್ ಆಡಿಸಿ. ಬ್ಲೇಡು ಕೂದಲನ್ನು ಜಗ್ಗಿದಂತೆನಿಸಿದ ದಿನವೇ ಅದನ್ನು ಬದಲಿಸಿ.

ಕೊನೆಯಲ್ಲಿ ತಣ್ಣೀರಿನಿಂದ ಮುಖ ತೊಳೆದು, ಒದ್ದೆ ಮಾಡಿದ ಪಟಿಕದ ತುಂಡನ್ನು ಮೆಲ್ಲಗೆ ಸವರಿಕೊಳ್ಳಿ. ಎಲ್ಲಿ ಹೆಚ್ಚು ಚುರುಗುಟ್ಟುತ್ತದೆಯೋ ಅಲ್ಲಿ ಇಂದು ಕೈ ಒತ್ತಿದೆ ಎಂದು ತಿಳಿದು, ನಾಳೆ ಅಲ್ಲಿ ಹಗುರವಾಗಿ ಹಿಡಿಯಿರಿ.