ಹತ್ತು ಸಾವಿರದೊಳಗೆ ಶಾಲೆಗೆ ರೆಕಾರ್ಡರ್: ಮೊದಲು ಒಂದೇ ಸಾಕು

ನಮಸ್ಕಾರ ಮೇಡಂ. ಎಂಟನೇ ಕ್ಲಾಸಿನ ಮಕ್ಕಳು ಊರಿನ ಅಜ್ಜಿಯರ ಸೋಬಾನೆ ಪದ ರೆಕಾರ್ಡ್ ಮಾಡಬೇಕು, ಹತ್ತು ಸಾವಿರದೊಳಗೆ ಏನು ತಗೊಳ್ಳಲಿ ಅಂತ ಕೇಳಿದ್ದೀರಿ. ಐದಾರು ಅಗ್ಗದ ರೆಕಾರ್ಡರ್ ಬೇಡ. ಒಂದೇ ಒಳ್ಳೆಯದು ತಗೊಳ್ಳಿ. ಉಳಿದ ಗುಂಪುಗಳಿಗೆ ಫೋನು, ಕಾಲರಿಗೆ ಸಿಕ್ಕಿಸುವ ವೈರ್ ಮೈಕು ಸಾಕು.

ನಿಮ್ಮ ಕೆಲಸಕ್ಕೆ ಟಾಸ್ಕಾಮ್ ಡಿಆರ್-05ಎಕ್ಸ್ ಅನ್ನುವ ರೆಕಾರ್ಡರ್ ಸರಿಹೋಗುತ್ತದೆ. ಅದರ ಮೈಕುಗಳು ಎಲ್ಲ ಕಡೆಯ ದನಿ ಹಿಡಿಯುತ್ತವೆ, ನಾಲ್ಕೈದು ಜನ ಸುತ್ತ ಕೂತು ಹಾಡಿದರೂ ಯಾರೂ ತಪ್ಪಿಹೋಗುವುದಿಲ್ಲ. ಎರಡು ಎಎ ಸೆಲ್ ಹಾಕಿದರೆ ಆಯ್ತು, ಅದು ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ. ಒಂದು ವಿಷಯ ಮಾತ್ರ ಮಕ್ಕಳಿಗೆ ಚೆನ್ನಾಗಿ ಹೇಳಿಕೊಡಿ: ರೆಕಾರ್ಡ್ ಬಟನ್ ಒಮ್ಮೆ ಒತ್ತಿದರೆ ಕೆಂಪು ದೀಪ ಮಿನುಗುತ್ತದೆ ಅಷ್ಟೇ, ಇನ್ನೊಮ್ಮೆ ಒತ್ತಿದಾಗಲೇ ರೆಕಾರ್ಡಿಂಗ್ ಶುರು. ಜ಼ೂಮ್ ಎಚ್1ಎನ್ ಕೂಡ ಒಳ್ಳೆಯದೇ, ಆದರೆ ಅದು ಎದುರಿಗೆ ಕೂತವರ ದನಿಗೆ ಜಾಸ್ತಿ ಹೊಂದುತ್ತದೆ.

ರೆಕಾರ್ಡರಿನ ಸೆಟ್ಟಿಂಗನ್ನು ವೇವ್ ಫಾರ್ಮ್ಯಾಟ್ (ದನಿಯನ್ನು ಕುಗ್ಗಿಸದೆ ಉಳಿಸುವ ಫೈಲು), 44.1 ಕಿಲೋಹರ್ಟ್ಜ್, 16 ಬಿಟ್‌ಗೆ ಇಡಿ. ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ, ಅಂದರೆ ಗಂಟೆಗೆ ಸುಮಾರು 600 ಎಂಬಿ. 32 ಜಿಬಿ ಕಾರ್ಡು ಧಾರಾಳ.

ಗಾಳಿ ತಡೆಯುವ ಸ್ಪಂಜಿನ ಟೋಪಿ ಮರೀಬೇಡಿ. ಮತ್ತೆ ಫ್ಯಾನು! ನಾನು ಒಮ್ಮೆ ಒಂದು ಗಂಟೆಯ ಹಾಡು ರೆಕಾರ್ಡ್ ಮಾಡಿ ಮನೆಗೆ ಬಂದು ಕೇಳಿದರೆ ಬರೀ ಫ್ಯಾನಿನ ಗುಂಯ್. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಆ ಸದ್ದನ್ನು ಸ್ವಲ್ಪ ಕಡಿಮೆ ಮಾಡಬಹುದು, ಪೂರ್ತಿ ತೆಗೆಯಲು ಹೋದರೆ ಅಜ್ಜಿಯ ದನಿಯೂ ತಗಡಿನಂತೆ ಕೇಳಿಸುತ್ತದೆ.